ತಂಗಿಯ ಕೆನ್ನೆಗೆ ಬಾಟಲ್ ಗ್ರೀನ್

ಮೂವತ್ತೆರಡು ವರ್ಷ ನಾನು ಸಂಬಳ ತೆಗೆದುಕೊಂಡದ್ದು ಒಂದೇ ಕೆಲಸಕ್ಕೆ. ಎರಡು ಬಣ್ಣ ಒಂದೇ ಹೌದೋ ಅಲ್ಲವೋ ಎಂದು ನೋಡಿ ಹೇಳುವುದಕ್ಕೆ.

ರಾಜಾಜಿನಗರದ ಕಡೆ ಉಕ್ಕಿನ ಬೀರು ಮಾಡುವ ಒಂದು ಕಾರ್ಖಾನೆ. ಬೀರುವಿನ ಮೈ ಒಂದು ದಿನ ಬಣ್ಣಕ್ಕೆ ಹೋದರೆ ಬಾಗಿಲು ಇನ್ನೊಂದು ದಿನ ಹೋಗುತ್ತದೆ. ಎರಡನ್ನೂ ಜೋಡಿಸಿದಾಗ ಬೂದು ಬಣ್ಣ ಎರಡೂ ಕಡೆ ಒಂದೇ ಆಗಿರಬೇಕು. ಬಾಗಿಲು ಚೂರು ನೀಲಿಗೆ ತಿರುಗಿದ್ದರೂ ಸಾಕು, ಮನೆಗೆ ಒಯ್ದವರಿಗೆ ಅದು ದಿನಾ ಕಣ್ಣಿಗೆ ಚುಚ್ಚುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಬೆಳಗಿನ ಹತ್ತು ಗಂಟೆಗೆ, ಉತ್ತರದ ಕಿಟಕಿಯ ಬೆಳಕಿನಲ್ಲಿ, ಮಾದರಿ ತಗಡನ್ನು ಹೊಸ ತಗಡಿನ ಪಕ್ಕ ಹಿಡಿದು ಐದು ಎಣಿಸುವಷ್ಟು ಹೊತ್ತು ನೋಡಬೇಕು. ಅದಕ್ಕಿಂತ ಹೆಚ್ಚು ನೋಡಿದರೆ ಕಣ್ಣು ಹೊಂದಿಕೊಂಡುಬಿಡುತ್ತದೆ, ಆಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ನಡುವೆ ಬೂದು ಗೋಡೆ ನೋಡಿ ಕಣ್ಣಿಗೆ ಬಿಡುವು ಕೊಡಬೇಕು. ಟ್ಯೂಬ್‌ಲೈಟಿನಡಿ ನೋಡಿ ನಾನು ಸಹಿ ಹಾಕಿದ ತಗಡು ಒಂದೂ ಇಲ್ಲ.

ನಿವೃತ್ತಿಯಾದ ಮೇಲೂ ನನ್ನ ದಿನ ಶಿಫ್ಟಿನ ಲೆಕ್ಕದಲ್ಲೇ ನಡೆಯುತ್ತಿತ್ತು. ಐದಕ್ಕೆ ಏಳುವುದು, ಐದೂವರೆಗೆ ನಡಿಗೆ, ಎಂಟಕ್ಕೆ ತಿಂಡಿ, ಒಂದಕ್ಕೆ ಊಟ. ಮಂಗಳವಾರ ಮತ್ತು ಶುಕ್ರವಾರ ಹತ್ತರಿಂದ ಹನ್ನೆರಡರವರೆಗೆ ಬಸವೇಶ್ವರನಗರದಲ್ಲಿ ಚಿತ್ರಕಲೆಯ ತರಗತಿ. ಚಿತ್ರದ ಹುಚ್ಚೇನೂ ನನಗಿರಲಿಲ್ಲ. ಆ ತರಗತಿ ಹೇಳಿದ ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ ಎಂದು ವಾಕಿಂಗಿನಲ್ಲಿ ಯಾರೋ ಹೇಳಿದರು, ಸೇರಿಕೊಂಡೆ.

ನಾನು ಮದುವೆಯಾದವಳಲ್ಲ. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳಾದ ತಂಗಿ, ಗಂಡ ತೀರಿಕೊಂಡ ಮೇಲೆ, ಮಗಳನ್ನು ಕೆಂಗೇರಿಗೆ ಮದುವೆ ಮಾಡಿ ಕೊಟ್ಟ ಮೇಲೆ, ಕುರುಬರಹಳ್ಳಿಯ ನನ್ನ ಮನೆಗೆ ಬಂದಳು. ಬರುವಾಗ ಹೊಲಿಗೆ ಮಿಷನ್ನನ್ನೂ ತಂದಳು. ರಸ್ತೆಯ ಕಡೆಗಿದ್ದ ಕೋಣೆಗೆ ಶಟರ್ ಹಾಕಿಸಿ ಬ್ಲೌಸ್ ಹೊಲಿಯುವ ಅಂಗಡಿ ಮಾಡಿದಳು. ಅಳತೆ ಸರಿಯಾಗಿದೆಯೋ ಇಲ್ಲವೋ ನೋಡಿಕೊಳ್ಳಲು ಬರುವವರಿಗೆ ಒಂದು ಪರದೆ, ಪರದೆಯ ಹಿಂದೆ ಆಳೆತ್ತರದ ಕನ್ನಡಿ.

ನಮ್ಮಿಬ್ಬರ ಕಸುಬೂ ಬಣ್ಣದ್ದೇ. ಆದರೆ ನಮ್ಮಿಬ್ಬರ ಬಣ್ಣಕ್ಕೆ ಆಗಿಬರುತ್ತಿರಲಿಲ್ಲ. ಸಾಸಿವೆ ಬಣ್ಣದ ಸೀರೆಗೆ ಅವಳು ನೇರಳೆ ಬ್ಲೌಸ್ ಹೊಲಿಯುತ್ತಿದ್ದಳು. ಇದು ಮ್ಯಾಚಿಂಗಾ ಎಂದು ನಾನು ಕೇಳಿದರೆ, ಒಂದೇ ಬಣ್ಣ ಎರಡು ಸಲ ಹಾಕುವುದಕ್ಕೆ ಟೈಲರ್ ಯಾಕೆ ಬೇಕು, ಪೇಂಟರ್ ಸಾಕು ಅನ್ನುತ್ತಿದ್ದಳು. ಅವಳ ಬಾಯಿಗೆ ಎದುರಿಲ್ಲ. ಗಿರಾಕಿಗಳು ಅರ್ಧ ಹೊಲಿಗೆಗೆ ಬಂದರೆ ಇನ್ನರ್ಧ ಅವಳ ಮಾತಿಗೆ ಬರುತ್ತಿದ್ದರು.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ಮಿಷನ್ನಿನ ಮುಂದೆ ಕೂತು ಅಭ್ಯಾಸದಂತೆ ತುಟಿಯ ನಡುವೆ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡಳು. ಪಿನ್ನುಗಳು ಮಡಿಲಿಗೆ ಬಿದ್ದವು. ಮತ್ತೆ ಕಚ್ಚಿಕೊಂಡಳು, ಮತ್ತೆ ಬಿದ್ದವು. ಮೂರನೆಯ ಸಲ ನನ್ನನ್ನು ಕರೆದಳು. ಕರೆದ ದನಿಯೇ ಬೇರೆಯಾಗಿತ್ತು. ಹೋಗಿ ನೋಡಿದರೆ ಅವಳ ಮುಖದ ಎಡಭಾಗ ಕೆಳಕ್ಕೆ ಇಳಿದಿತ್ತು. ಕಣ್ಣು ಮುಚ್ಚುತ್ತಿರಲಿಲ್ಲ, ಬಾಯಿಯ ಮೂಲೆ ಜೋತುಬಿದ್ದಿತ್ತು.

ಒಂದು ಗಂಟೆಯೊಳಗೆ ಆಸ್ಪತ್ರೆಯಲ್ಲಿದ್ದೆವು. ತಲೆಗೆ ಏನೂ ಆಗಿಲ್ಲ, ಮುಖದ ನರ ಊದಿಕೊಂಡಿದೆ ಎಂದು ಡಾಕ್ಟರು ಹೇಳಿದರು. ಮಾತ್ರೆ ಕೊಟ್ಟರು, ಕಣ್ಣಿಗೆ ಹನಿ ಕೊಟ್ಟರು, ರಾತ್ರಿ ರೆಪ್ಪೆಗೆ ಅಂಟಿಸಿಕೊಳ್ಳುವ ಪಟ್ಟಿ ಕೊಟ್ಟರು. ಮಾತ್ರೆಯ ಕೋರ್ಸು ಮುಗಿದ ಮೇಲೆ ವಿಜಯನಗರದಲ್ಲಿ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಆಕೆ ಬಿಡಿಸಿ ಹೇಳಿದರು. ನರ ನಿಧಾನಕ್ಕೆ ಎಚ್ಚರವಾಗುತ್ತದೆ. ಎಚ್ಚರವಾಗುವ ಕಾಲದಲ್ಲಿ ದಿನಕ್ಕೆ ಮೂರು ಸಲ ಕನ್ನಡಿಯ ಮುಂದೆ ಕೂತು ಹಣೆ, ಕಣ್ಣು, ಕೆನ್ನೆ, ತುಟಿ ಒಂದೊಂದನ್ನೇ ಅಲುಗಿಸಲು ಪ್ರಯತ್ನಿಸಬೇಕು. ಕನ್ನಡಿ ಇಲ್ಲದೆ ಮಾಡಿದರೆ ಪ್ರಯೋಜನವಿಲ್ಲ. ತುಟಿ ಎತ್ತಲು ಹೋದಾಗ ಕಣ್ಣು ಮುಚ್ಚಿಕೊಳ್ಳಬಹುದು, ತಪ್ಪು ಸ್ನಾಯು ಅಭ್ಯಾಸ ಹಿಡಿಯಬಹುದು, ಆಮೇಲೆ ಅದು ಹಾಗೆಯೇ ನಿಲ್ಲುತ್ತದೆ. ಮೊದಲ ಕೆಲವು ತಿಂಗಳೇ ಮುಖ್ಯ ಎಂದು ಎರಡು ಸಲ ಹೇಳಿದರು.

ಆ ದಿನ ಮನೆಗೆ ಬಂದವಳೇ ತಂಗಿ ಲೈನಿಂಗ್ ಬಟ್ಟೆಯ ಒಂದು ಉದ್ದನೆಯ ತುಂಡು ತೆಗೆದು ಅಂಗಡಿಯ ಕನ್ನಡಿಗೆ ಹೊದಿಸಿದಳು. ಬಚ್ಚಲಿನ ಕನ್ನಡಿಯನ್ನು ಮೊಳೆಯಿಂದ ಕಿತ್ತು ಅಟ್ಟಕ್ಕೆ ಹಾಕಿದಳು. ಶಟರ್ ಎಳೆದಳು. ಆಮೇಲೆ ಆ ಶಟರ್ ಮೇಲೇಳಲಿಲ್ಲ. ಗಿರಾಕಿಗಳು ಫೋನ್ ಮಾಡಿದರೆ ಮಗಳ ಮನೆಯಲ್ಲಿದ್ದೇನೆ ಅನ್ನುತ್ತಿದ್ದಳು. ಮಗಳು ಫೋನ್ ಮಾಡಿದರೆ ಅಂಗಡಿಯಲ್ಲಿ ತುಂಬಾ ಕೆಲಸ ಅನ್ನುತ್ತಿದ್ದಳು. ಮಗಳು ಒಂದು ಭಾನುವಾರ ಬಂದು ಎದುರು ಕೂತು ಅತ್ತು ಹೋದ ಮೇಲೆ, ಇನ್ನು ವಿಡಿಯೋ ಕಾಲ್ ಮಾಡಬೇಡ ಎಂದು ಹೇಳಿಬಿಟ್ಟಳು.

ನನಗೆ ಗೊತ್ತಿದ್ದದ್ದು ಒಂದೇ ದಾರಿ. ರೂಲ್ ಹಾಳೆಯ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದೆ. ಬೆಳಿಗ್ಗೆ ಏಳೂಕಾಲು, ಮಧ್ಯಾಹ್ನ ಎರಡೂಕಾಲು, ಸಂಜೆ ಆರೂಕಾಲು. ಹಣೆ, ಕಣ್ಣು, ಕೆನ್ನೆ, ತುಟಿಗೆ ಒಂದೊಂದು ಕಾಲಂ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ, ಪಕ್ಕದಲ್ಲಿ ದಾರಕ್ಕೆ ಪೆನ್ನು ಕಟ್ಟಿದೆ. ಕೈಗನ್ನಡಿ ಕೊಂಡು ತಂದು ಅವಳ ಕೋಣೆಯಲ್ಲಿ ಇಟ್ಟೆ. ಅವಳು ಕೋಣೆಯ ಬಾಗಿಲು ಹಾಕಿಕೊಂಡು ಮಾಡುತ್ತೇನೆ ಎಂದಳು, ಒಪ್ಪಿದೆ. ಮೂರು ವಾರ ಒಂದೇ ಒಂದು ಖಾನೆ ಖಾಲಿ ಬಿಡದೆ ಟಿಕ್ಕು ಬಿತ್ತು. ಅಷ್ಟು ಚೊಕ್ಕಟವಾದ ದಾಖಲೆ ನಾನು ಕಾರ್ಖಾನೆಯಲ್ಲೂ ನೋಡಿರಲಿಲ್ಲ. ಡಾಕ್ಟರಮ್ಮನಿಗೆ ತೋರಿಸಲು ಹಾಳೆಯನ್ನು ಮಡಿಸದೆ ಫೈಲಿನಲ್ಲಿ ಇಟ್ಟುಕೊಂಡು ಹೋದೆ.

ಡಾಕ್ಟರಮ್ಮ ಹಾಳೆಯನ್ನು ನೋಡಲೇ ಇಲ್ಲ. ತಂಗಿಯ ಮುಂದೆ ಕನ್ನಡಿ ಹಿಡಿದರು. ಅವಳು ಕಣ್ಣು ತಪ್ಪಿಸಿದಳು. ಮತ್ತೆ ಹಿಡಿದರು, ಅವಳು ಮುಖ ತಿರುಗಿಸಿದಳು. ಒಂದು ಸಲವೂ ಮಾಡಿಲ್ಲ ಅಲ್ವಾಮ್ಮ ಎಂದು ಡಾಕ್ಟರಮ್ಮ ಮೆಲ್ಲಗೆ ಕೇಳಿದರು. ತಂಗಿ ಇಲ್ಲ ಎಂದು ತಲೆಯಾಡಿಸಿದಳು. ಫೈಲು ನನ್ನ ತೊಡೆಯ ಮೇಲೆ ಇತ್ತು. ತಗಡು ನೋಡದೆ ಬರೀ ರಿಜಿಸ್ಟರು ನೋಡಿ ಸಹಿ ಹಾಕುವವರನ್ನು ನಾನು ಎಷ್ಟು ಸಲ ಬೈದಿದ್ದೆನೋ. ಮೂರು ವಾರ ಎದುರಿಗೇ ಕೂತು ಉಂಡವಳ ಮುಖವನ್ನು ನಾನು ಸರಿಯಾಗಿ ನೋಡಿರಲಿಲ್ಲ. ಅವಳಿಗೆ ಬೇಜಾರಾಗಬಾರದು ಎಂದು ನಾನೂ ಕಣ್ಣು ತಪ್ಪಿಸುತ್ತಿದ್ದೆ. ಇಬ್ಬರೂ ಸೇರಿ ಆ ಮುಖವನ್ನು ಮನೆಯಿಂದ ಹೊರಗಿಟ್ಟಿದ್ದೆವು.

ಅದೇ ದಿನಗಳಲ್ಲಿ ತರಗತಿಯಲ್ಲಿ ಮುಖ ಬರೆಯುವ ಪಾಠ ಶುರುವಾಯಿತು. ಅಲ್ಲಿಯವರೆಗೆ ನಾನು ಬರೆದದ್ದು ಹೂಜಿ, ಬದನೆಕಾಯಿ, ಮಡಿಸಿಟ್ಟ ಟವೆಲ್. ಟೀಚರಿಗೆ ಮೂವತ್ತು ದಾಟಿರಲಿಕ್ಕಿಲ್ಲ. ನನ್ನನ್ನು ಆಂಟಿ ಅನ್ನುತ್ತಿದ್ದರು, ನನ್ನ ಬದನೆಕಾಯಿಯ ಬಣ್ಣ ಬದನೆಕಾಯಿಯದೇ ಎಂದು ಒಪ್ಪುತ್ತಿದ್ದರು, ಅದಕ್ಕಿಂತ ಹೆಚ್ಚು ಹೊಗಳುತ್ತಿರಲಿಲ್ಲ. ಆ ಮಂಗಳವಾರ ಅವರು ಗೋಡೆಗೆ ಕೆಲವು ಚಿತ್ರಗಳ ಪ್ರಿಂಟು ಅಂಟಿಸಿದ್ದರು. ಸುಮಾರು ನೂರು ವರ್ಷದ ಹಿಂದೆ ಹೊರದೇಶದವರು ಬರೆದ ಮುಖಗಳು. ಒಬ್ಬಾಕೆಯ ಮೂಗಿನ ಮೇಲೆ ಉದ್ದಕ್ಕೆ ಹಸಿರು. ಒಬ್ಬನ ಹಣೆ ನೀಲಿ, ಗಲ್ಲ ಹಳದಿ, ಕಣ್ಣು ಒಂದು ಮೇಲೆ ಒಂದು ಕೆಳಗೆ. ಬ್ರಷ್ಷಿನ ಗುರುತು ಹಾಗೇ ಬಿಟ್ಟಿದ್ದರು. ಇದನ್ನು ಎಕ್ಸ್‌ಪ್ರೆಷನಿಸಂ ಅನ್ನುತ್ತಾರೆ, ಮುಖ ಹೊರಗೆ ಹೇಗಿದೆ ಅನ್ನುವುದಕ್ಕಿಂತ ಒಳಗೆ ಏನಾಗುತ್ತಿದೆ ಅನ್ನುವುದನ್ನು ಬಣ್ಣದಲ್ಲಿ ಹೇಳುತ್ತಾರೆ ಎಂದರು ಟೀಚರ್. ನಮ್ಮಲ್ಲಾಗಿದ್ದರೆ ಇವಿಷ್ಟೂ ವಾಪಸ್ ಹೋಗುತ್ತಿದ್ದವು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಮನೆಯವರೊಬ್ಬರ ಮುಖ ಬರೆದು ತನ್ನಿ ಎಂದು ಹೇಳಿ ಕಳಿಸಿದರು.

ನನ್ನ ಮನೆಯಲ್ಲಿದ್ದದ್ದು ಒಬ್ಬಳೇ.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ತಂಗಿ ಹಿಂದಿನ ವೆರಾಂಡದಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಬೆಳಕು ಸರಿಯಾಗಿತ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಡುವ ಶೇಡ್ ಕಾರ್ಡ್ ನನ್ನ ಹತ್ತಿರ ಇತ್ತು. ಮೈಬಣ್ಣಕ್ಕೆ ಯಾವುದು ಹತ್ತಿರ ಎಂದು ನೋಡಲು ಕಾರ್ಡನ್ನು ಅವಳ ಬಲಗೆನ್ನೆಯ ಪಕ್ಕ ಹಿಡಿದೆ. ಐದು ಎಣಿಸಿದೆ, ಗೋಡೆ ನೋಡಿದೆ, ಇನ್ನೊಂದು ಪಟ್ಟಿ ಹಿಡಿದೆ. ಅವಳು ಹಿತುಕುವುದನ್ನು ನಿಲ್ಲಿಸಿದಳು.

“ನಾನೇನು ಬೀರುವಾ ಅಕ್ಕ?” ಎಂದಳು. “ಹಿಡಿ ಹಿಡಿ. ಆ ಕಡೆ ಬಾಗಿಲಿಗೂ ಹಿಡಿದು ನೋಡು, ಮ್ಯಾಚ್ ಆಗಲ್ಲ.”

ನಾನು ನಕ್ಕೆ. ತಮಾಷೆ ಎಂದುಕೊಂಡೆ. ಎಡಗೆನ್ನೆಯ ಕಡೆ ಕಾರ್ಡು ಒಯ್ಯಲಿಲ್ಲ. ಅದರ ಅಗತ್ಯವೇ ಇಲ್ಲ ಎಂದು ನಾನು ಆಗಲೇ ತೀರ್ಮಾನ ಮಾಡಿದ್ದೆ. ಬಲಗಡೆಯ ಮುಖ ಇದೆಯಲ್ಲ, ಅದನ್ನೇ ತಿರುಗಿಸಿ ಎಡಕ್ಕೂ ಹಾಕಿದರೆ ಆಯಿತು. ಆಧಾರ್ ಕಾರ್ಡಿನ ಫೋಟೋ ಪಕ್ಕದಲ್ಲಿಟ್ಟುಕೊಂಡು, ಸ್ಕೇಲಿನಲ್ಲಿ ಅಳೆದು, ಎರಡು ದಿನದಲ್ಲಿ ಮುಗಿಸಿದೆ. ಎರಡು ಕಣ್ಣೂ ಒಂದೇ ಎತ್ತರ, ತುಟಿ ನೇರ, ಕೆನ್ನೆ ಎರಡೂ ಒಂದೇ ಗೋಧಿ ಬಣ್ಣ. ಹಿಂದಿನ ಹಾಗೆಯೇ ಕಾಣುತ್ತಾಳೆ, ನೋಡಿದರೆ ಸಮಾಧಾನವಾಗುತ್ತದೆ ಎಂದು ನಂಬಿ ಊಟದ ಮೇಜಿನ ಮೇಲೆ ಅವಳ ಎದುರು ಒರಗಿಸಿಟ್ಟೆ.

ಅವಳು ಹೆಚ್ಚು ಹೊತ್ತು ನೋಡಲಿಲ್ಲ. “ಇದು ಪಾಸಾದ ಪೀಸು,” ಎಂದಳು. “ನಿನ್ನ ಮನೇಲಿರೋದು ರಿಜೆಕ್ಟು. ಇದನ್ನೇ ಇಟ್ಕೋ.”

ತಟ್ಟೆ ಎತ್ತಿಕೊಂಡು ಅಡಿಗೆಮನೆಗೆ ಹೋಗಿ ನಿಂತು ಉಂಡಳು. ನೀರು ಕುಡಿಯುವಾಗ ಎಡಗಡೆಯಿಂದ ಸೋರುತ್ತಿತ್ತು, ಸೆರಗಿನಿಂದ ಒರೆಸಿಕೊಂಡಳು. ಮೂರು ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಆ ಮೂರು ದಿನ ನನಗೆ ಒಂದೇ ಯೋಚನೆ. ತಿಂಗಳುಗಳು ಕಳೆಯುತ್ತಿವೆ, ಇವಳು ಕನ್ನಡಿ ನೋಡುವುದಿಲ್ಲ, ಈಗ ನನ್ನನ್ನೂ ನೋಡುವುದಿಲ್ಲ.

ಮುಂದಿನ ಮಂಗಳವಾರ ಚಿತ್ರವನ್ನು ತರಗತಿಗೆ ಒಯ್ದೆ. ಟೀಚರ್ ಯಾರು ಎಂದು ಕೇಳಿದರು. ತಂಗಿ ಎಂದೆ. ಅವರ ಬಗ್ಗೆ ಹೇಳಿ ಆಂಟಿ ಎಂದರು. ಹೊಲಿಗೆ, ಬಾಯಿಜೋರು, ಈಗ ಮುಖಕ್ಕೆ ಆಗಿರುವುದು, ಮುಚ್ಚಿದ ಕನ್ನಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಷ್ಟನ್ನು ಯಾರಿಗೂ ಹೇಳಿರಲಿಲ್ಲ. ಟೀಚರ್ ಚಿತ್ರವನ್ನು ಇನ್ನೊಮ್ಮೆ ನೋಡಿದರು.

“ಇದೆಲ್ಲ ಇದರಲ್ಲಿ ಎಲ್ಲಿದೆ ಆಂಟಿ?” ಎಂದರು. “ನೀವು ಹೇಳಿದವರು ನನಗೆ ಇದರಲ್ಲಿ ಕಾಣಿಸ್ತಾ ಇಲ್ಲ.”

ಗೋಡೆಯ ಮೇಲಿನ ಹಸಿರು ಮೂಗಿನ ಹೆಂಗಸು ಅಲ್ಲೇ ಇದ್ದಳು. ಈ ಸಲ ಐದು ಎಣಿಸಿ ಬಿಡಲಿಲ್ಲ, ನೋಡುತ್ತಲೇ ನಿಂತೆ. ಆಕೆಗೆ ಏನೋ ಆಗಿತ್ತು. ಏನು ಎಂದು ನನಗೆ ಗೊತ್ತಾಗಲಿಲ್ಲ. ಆದರೆ ಅದನ್ನು ಬರೆದವರು ಆಕೆಯಿಂದ ಕಣ್ಣು ತಪ್ಪಿಸಿರಲಿಲ್ಲ, ಅಷ್ಟು ತಿಳಿಯಿತು. ಆ ಹಸಿರನ್ನು ಮೈಬಣ್ಣಕ್ಕೆ ತಿರುಗಿಸಿದರೆ ಅಲ್ಲಿ ಉಳಿಯುವುದು ಆಧಾರ್ ಕಾರ್ಡಿನ ಫೋಟೋ.

ಮನೆಗೆ ಬಂದು ಕೈಕಾಲು ತೊಳೆದು ನೇರ ತಂಗಿಯ ಹತ್ತಿರ ಹೋದೆ. ಅವಳು ಮಂಚದ ಮೇಲೆ ಕೂತಿದ್ದಳು. ವ್ಯಾಯಾಮ ಮಾಡಿದೆಯಾ ಎಂದು ನಾನು ಕೇಳುತ್ತೇನೆಂದು ಮುಖ ಗಟ್ಟಿ ಮಾಡಿಕೊಂಡಳು.

“ಎಡಗೆನ್ನೆ ನಿನಗೆ ಹೇಗನ್ಸುತ್ತೆ?” ಎಂದು ಕೇಳಿದೆ.

ಅಷ್ಟು ದಿನಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಹೇಗಿದೆ ಎಂದು ಎಲ್ಲರೂ ಕೇಳಿದ್ದರು, ಹೇಗನ್ನಿಸುತ್ತದೆ ಎಂದು ಕೇಳಿರಲಿಲ್ಲ. ಅವಳು ಬೆರಳಿನಿಂದ ಕೆನ್ನೆ ಮುಟ್ಟಿ ನೋಡಿಕೊಂಡಳು.

“ನಂದಲ್ಲ ಅನ್ಸುತ್ತೆ,” ಎಂದಳು. “ಯಾರೋ ಹೊಲಿಯೋಕೆ ಕೊಟ್ಟು ಹೋದ ಬಟ್ಟೆ, ವಾಪಸ್ ತಗೊಂಡು ಹೋಗೋಕೆ ಬರಲೇ ಇಲ್ಲ, ಹಾಗೆ.”

“ಯಾವ ಬಣ್ಣದ ಬಟ್ಟೆ?”

ನನ್ನನ್ನು ಅನುಮಾನದಿಂದ ನೋಡಿದಳು. ಆಮೇಲೆ ಬಗ್ಗಿ ಮಂಚದ ಕೆಳಗಿನಿಂದ ಹಳೆಯ ದಿಂಬಿನ ಚೀಲ ಎಳೆದಳು. ಹೊಲಿದು ಉಳಿದ ಬ್ಲೌಸ್ ಪೀಸಿನ ಚೂರುಗಳನ್ನು ಅವಳು ಬಿಸಾಡುವುದಿಲ್ಲ. ಕೈ ಹಾಕಿ ಕೆದಕಿ ಒಂದು ಚೂರು ತೆಗೆದು ನನ್ನ ಕಡೆ ಎಸೆದಳು. ಬಾಟಲ್ ಗ್ರೀನ್. ಕಪ್ಪಿಗೆ ಹತ್ತಿರವಾದ, ತಣ್ಣಗಿನ ಹಸಿರು.

ಮುಚ್ಚದ ಕಣ್ಣು ಹೇಗಿದೆ ಎಂದು ಕೇಳಿದೆ. ಉರಿ, ಧೂಳು, ಗಾಳಿ, ಯಾವಾಗಲೂ ಯಾರೋ ಊದುತ್ತಿರುವ ಹಾಗೆ ಎಂದಳು. ಅದಕ್ಕೆ ಕಣ್ಣಿಗೆ ಹೊಡೆಯುವ ಗುಲಾಬಿ, ರಾಣಿ ಬಣ್ಣದ ಚೂರು ಬಂತು. ಬಲಗಡೆಯ ಕೆನ್ನೆಗೆ, ಅವಳೊಬ್ಬಳೇ ದುಡಿಯುತ್ತಾಳೆ ಪಾಪ, ಸುಸ್ತಾಗಿದ್ದಾಳೆ ಎಂದು ಹೇಳಿ ಇಟ್ಟಿಗೆ ಕೆಂಪು ಕೊಟ್ಟಳು. ಹಣೆಯ ಎಡಭಾಗವನ್ನು ಸವರಿಕೊಂಡು, ಈ ಕಡೆ ಒಂದು ಗೆರೆಯೂ ಏಳುವುದಿಲ್ಲ, ಇದಕ್ಕೆ ಮಾತ್ರ ವಯಸ್ಸೇ ಆಗಿಲ್ಲ, ಮದುವೆ ಹೆಣ್ಣಿನ ಹಣೆ ಎಂದಳು. ಸೊಟ್ಟ ಬಾಯಲ್ಲಿ ನಕ್ಕಳು. ಗಿಳಿಹಸಿರು ಬಂತು. ತುಟಿಗೆ ಬಹಳ ಹೊತ್ತು ಹುಡುಕಿದಳು. ಕಪ್ಪು ಲೈನಿಂಗಿನ ಚೂರೊಂದನ್ನು ಎತ್ತಿಕೊಂಡು, ಸ್ವಲ್ಪ ಹೊತ್ತು ಹಿಡಿದುಕೊಂಡು, ಚೀಲಕ್ಕೇ ಹಾಕಿದಳು. ಕೊನೆಗೆ ಕುಂಕುಮದ ಕೆಂಪು ತೆಗೆದಳು.

“ಮಾತಾಡೋದೇನು ಬಿಟ್ಟಿಲ್ವಲ್ಲ ನಾನು,” ಎಂದಳು.

ಯಾಕೆ ಕೇಳಿದೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ರಾತ್ರಿ ಇಬ್ಬರೂ ಒಟ್ಟಿಗೆ ಕೂತು ಊಟ ಮಾಡಿದೆವು.

ವೆರಾಂಡದಲ್ಲಿ ಹೊಸ ಬೋರ್ಡು ಇಟ್ಟು, ಚೂರುಗಳನ್ನು ಸಾಲಾಗಿ ಅದರ ಅಂಚಿಗೆ ಗುಂಡುಪಿನ್ನಿನಿಂದ ಚುಚ್ಚಿದೆ. ಪೆನ್ಸಿಲ್ಲಿನಲ್ಲಿ ಮುಖದ ಗೆರೆ ಎಳೆಯಲು ಸ್ಕೇಲು ಕೈಗೆ ಬಂತು. ಅದನ್ನು ಒಳಗಿಟ್ಟು ಬಂದೆ. ತಂಗಿ ಅಡಿಗೆಮನೆಯ ಕಿಟಕಿಯ ಆಚೆ ತರಕಾರಿ ಹೆಚ್ಚುತ್ತಿದ್ದಳು. ಅವಳನ್ನು ನೋಡಿದೆ. ಕಣ್ಣು ತಪ್ಪಿಸದೆ ನೋಡಿದೆ. ಎಡಗಣ್ಣು ಬಲಗಣ್ಣಿಗಿಂತ ದೊಡ್ಡದಾಗಿ ತೆರೆದಿತ್ತು, ಬಾಯಿ ಬಲಕ್ಕೆ ಎಳೆದುಕೊಂಡಿತ್ತು, ಎಡಗೆನ್ನೆ ಒಗೆದು ಹಾಕಿದ ಬಟ್ಟೆಯ ಹಾಗೆ ಇಳಿದಿತ್ತು. ಇದ್ದದ್ದನ್ನು ಇದ್ದ ಹಾಗೆ ಎಳೆದೆ. ನಿಜ ಹೇಳಬೇಕೆಂದರೆ ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚೇ ಎಳೆದೆ. ಗೋಡೆಯ ಚಿತ್ರಗಳಲ್ಲಿ ಹಾಗೆ ಮಾಡಿದ್ದರು.

ಬಣ್ಣ ಹಚ್ಚುವಾಗ ಕೈ ತಡೆಯಿತು. ಹಸಿರಿನ ಪಕ್ಕ ರಾಣಿ ಬಣ್ಣವನ್ನು ಹಾಗೇ ಬಿಡಲು ನನಗೆ ಧೈರ್ಯ ಬರಲಿಲ್ಲ. ಎರಡರ ನಡುವೆ ಸ್ವಲ್ಪ ಬಿಳಿ, ಸ್ವಲ್ಪ ಬೂದು ಬೆರೆಸಿ ಒಂದಕ್ಕೊಂದು ಒಗ್ಗಿಸಿದೆ. ಎರಡನೆಯ ದಿನ ತಂಗಿ ಬಟ್ಟೆ ಒಣಹಾಕಲು ಹಿಂದಕ್ಕೆ ಬಂದಳು. ಮುಖದ ಕಡೆ ನೋಡಲಿಲ್ಲ. ಬಣ್ಣದ ಕಡೆ ಮಾತ್ರ ನೋಡಿದಳು. ಅದು ಅವಳಿಂದ ಹೇಗೆ ಸಾಧ್ಯವಾಯಿತೋ ನನಗೆ ಈಗಲೂ ಗೊತ್ತಿಲ್ಲ.

“ಒಗೆದು ಒಗೆದು ಬಣ್ಣ ಬಿಟ್ಟ ಹಾಗಿದೆ,” ಎಂದಳು. “ನಾನು ಕೊಟ್ಟ ಚೂರು ಇದಾ? ಪಕ್ಕದಲ್ಲಿಟ್ಟು ನೋಡು. ಮೂವತ್ತು ವರ್ಷ ಅದನ್ನೇ ತಾನೇ ಮಾಡಿದ್ದು ನೀನು?”

ಚೂರನ್ನು ಬಿಚ್ಚಿ ಬೋರ್ಡಿನ ಮೇಲೆ ಹಿಡಿದೆ. ಅವಳು ಹೇಳಿದ್ದು ಸರಿ, ನನ್ನ ಹಸಿರು ಹೆದರಿದ ಹಸಿರು. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಕಡೆ ಮೇಲೆಯೇ ಬಳಿದು, ಮತ್ತೆ ಕಲಸಿದೆ. ಬೂದು ಮುಟ್ಟಲಿಲ್ಲ. ಬಟ್ಟೆಗೂ ಬಣ್ಣಕ್ಕೂ ವ್ಯತ್ಯಾಸ ಕಾಣದಷ್ಟು ಬರುವವರೆಗೆ ಬಿಡಲಿಲ್ಲ. ಅದು ನನಗೆ ಬರುವ ಕೆಲಸ. ಹಸಿರು, ಅದರ ಮಗ್ಗುಲಲ್ಲೇ ರಾಣಿ, ಮೇಲೆ ಗಿಳಿಹಸಿರು, ಆಚೆ ಇಟ್ಟಿಗೆ ಕೆಂಪು. ಒಂದಕ್ಕೊಂದು ಹೊಂದುವುದಿಲ್ಲ, ಜಗಳಕ್ಕೆ ನಿಂತ ಹಾಗೆ ನಿಂತವು. ಮೂರನೆಯ ದಿನ ಸಂಜೆ ದೂರ ಹೋಗಿ ತಿರುಗಿ ನೋಡಿದೆ. ನನಗೆ ಗೊತ್ತಿರುವ ತಂಗಿ ಅಲ್ಲಿದ್ದಳು. ಏನಾದರೂ ಅಂದುಬಿಡುತ್ತಾಳೆ ಅನ್ನುವ ಹಾಗಿದ್ದಳು. ಕುರ್ಚಿ ಎಳೆದುಕೊಂಡು ಕೂತೆ.

ನಾಲ್ಕನೆಯ ದಿನ ಬೆಳಿಗ್ಗೆ ತುಟಿಯ ಕೆಂಪು ಹಚ್ಚುತ್ತಿದ್ದೆ. ಅವಳು ಬಂದು ಹಿಂದೆ ನಿಂತದ್ದು ಗೊತ್ತಾಯಿತು. ತಿರುಗಲಿಲ್ಲ. ಈ ಸಲ ಅವಳು ಬಣ್ಣವನ್ನಷ್ಟೇ ನೋಡುತ್ತಿಲ್ಲ ಎಂದು ಅವಳು ಮಾತಾಡದೆ ನಿಂತದ್ದರಿಂದಲೇ ತಿಳಿಯಿತು. ಪಕ್ಕದ ಮನೆಯ ಕುಕ್ಕರ್ ಮೂರು ಸಲ ಕೂಗಿತು. ಇದನ್ನೂ ಎತ್ತಿ ಇಟ್ಕೋ ಅನ್ನುತ್ತಾಳೆ ಎಂದು ಕಾದೆ.

“ಕೆನ್ನೆ ಸರಿಯಾಗಿದೆ,” ಎಂದಳು. ಸ್ವಲ್ಪ ಬಿಟ್ಟು, “ಕಣ್ಣೂ ಸರಿಯೇ. ಬಾಯಿ ಮಾತ್ರ ತಪ್ಪು ಕಣಕ್ಕ. ಇಷ್ಟೊಂದು ಇಳಿದಿಲ್ಲ.”

“ಇಳಿದಿದೆ,” ಎಂದೆ.

“ಇಲ್ಲ.”

“ದಿನಾ ಎದುರಿಗೆ ಕೂತು ನೋಡ್ತೀನಿ ಕಣೇ. ಇಳಿದಿದೆ.”

“ನೀನು ಯಾವತ್ತು ನೋಡಿದ್ದೆ? ಸಾರು ನೋಡ್ಕೊಂಡು ಉಣ್ತಿದ್ದೆ.” ಅವಳ ದನಿ ಏರಿತು. ಪ, ಬ ಅಕ್ಷರಗಳು ಇನ್ನೂ ಸರಿಯಾಗಿ ಬರುತ್ತಿರಲಿಲ್ಲ, ಆದರೂ ನಿಲ್ಲಿಸಲಿಲ್ಲ. “ಇರು, ತೋರಿಸ್ತೀನಿ.”

ಅಂಗಡಿ ಕೋಣೆಯ ಕಡೆ ಹೊರಟುಹೋದಳು. ಪರದೆಯ ಬಳೆಗಳು ಸರಿದ ಸದ್ದಾಯಿತು. ಆಮೇಲೆ ಬಟ್ಟೆ ಎಳೆದ ಸದ್ದು. ನಾನು ಬ್ರಷ್ ಹಿಡಿದು ಕೂತಲ್ಲೇ ಕೂತೆ. ಎದ್ದು ಹೋಗಬೇಕು ಅನ್ನಿಸಿತು. ಕೈಯಲ್ಲಿ ಗಡಿಯಾರ ಇತ್ತು, ನೋಡಲಿಲ್ಲ. ಆ ಕೋಣೆಯಿಂದ ಅಳು ಕೇಳಿಸಿತು. ಜೋರಿನ ಅಳುವಲ್ಲ, ಮೂಗು ಎಳೆದುಕೊಳ್ಳುವಷ್ಟು. ಮತ್ತೆ ಏನೂ ಇಲ್ಲ. ಎಷ್ಟು ಹೊತ್ತಾಯಿತೋ, ಕೊನೆಗೆ ಕೂಗಿದಳು.

“ಅಕ್ಕ, ಆ ಪಟ ಎತ್ಕೊಂಡು ಬಾ ಇಲ್ಲಿ.”

ಒಯ್ದು ಕನ್ನಡಿಯ ಪಕ್ಕ ಹಿಡಿದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಮುಖವನ್ನು ಕನ್ನಡಿಯ ಹತ್ತಿರಕ್ಕೆ ಒಯ್ದಳು, ಚಿತ್ರ ನೋಡಿದಳು, ಮತ್ತೆ ಕನ್ನಡಿ ನೋಡಿದಳು. ಹೊಲಿಗೆಯ ಟೇಪು ಕೊರಳಲ್ಲಿ ಇರಲಿಲ್ಲ, ಹುಡುಕಿ ತಂದಳು. ಬಾಯಿಯ ಎರಡು ಮೂಲೆಗೂ ಟೇಪು ಹಿಡಿದು ಅಳೆದಳು. ನನ್ನ ಕಡೆ ತಿರುಗಿ, ಅರ್ಧ ಬೆರಳು ಹೆಚ್ಚು ಇಳಿಸಿದ್ದೀಯ ಎಂದಳು. ಅಳತೆಯಲ್ಲಿ ಅವಳನ್ನು ಮೀರಿಸುವವರಿಲ್ಲ. ಹೆಚ್ಚು ಇಳಿಸಿದ್ದು ನಿಜ, ತಪ್ಪು ನನ್ನದೇ ಎಂದು ಒಪ್ಪಿಕೊಂಡೆ.

“ನೋಡು, ಎತ್ತಿದ್ರೆ ಏಳುತ್ತೆ,” ಎಂದಳು. ಎತ್ತಿದಳು. ಬಲಗಡೆ ಸರ್ರನೆ ಹೋಯಿತು. ಎಡಗಡೆ ಏನೂ ಆಗಲಿಲ್ಲ. ಅವಳು ಬೆರಳಿನಿಂದ ಬಲಮೂಲೆಯನ್ನು ಒತ್ತಿ ಹಿಡಿದುಕೊಂಡಳು. ಡಾಕ್ಟರಮ್ಮ ಹೇಳಿಕೊಟ್ಟದ್ದು ಅದೇ, ಮೊದಲ ದಿನವೇ ಕೇಳಿಸಿಕೊಂಡಿದ್ದಳು. ಮತ್ತೆ ಪ್ರಯತ್ನಿಸಿದಳು. ಇಬ್ಬರೂ ಕನ್ನಡಿಯನ್ನೇ ನೋಡಿದೆವು. ಎಡಮೂಲೆಯಲ್ಲಿ, ತುಟಿಯ ಕೊನೆಯಲ್ಲಿ, ಒಂದು ಸಣ್ಣ ಸೆಳೆತ ಬಂದು ಹೋಯಿತು. ನೀರಿನ ಮೇಲೆ ಸೊಳ್ಳೆ ಕೂತು ಎದ್ದಷ್ಟು.

“ಬಂತಾ?” ಎಂದು ಕೇಳಿದಳು.

ಬಂತು ಎಂದೆ. ನಾನು ಸುಳ್ಳು ಹೇಳುವವಳಲ್ಲ ಎಂದು ಅವಳಿಗೆ ಗೊತ್ತು. ಆದರೂ ನನ್ನ ಮಾತನ್ನು ನಂಬದೆ, ತಾನೇ ನೋಡಬೇಕೆಂದು ಇನ್ನೊಂದು ಸಲ ಮಾಡಿದಳು. ಆಮೇಲೆ ಇನ್ನೊಂದು ಸಲ. ತಿಂಡಿಯ ಹೊತ್ತು ಮೀರಿ ಹೋಯಿತು.

ಇದೆಲ್ಲ ಆಗಿ ಐದು ತಿಂಗಳಾಯಿತು. ಲೈನಿಂಗ್ ಬಟ್ಟೆ ಕನ್ನಡಿಗೆ ಮತ್ತೆ ಏರಲಿಲ್ಲ. ಅದನ್ನು ಅವಳು ಯಾರದೋ ಬ್ಲೌಸಿಗೆ ಕತ್ತರಿಸಿದಳು. ವ್ಯಾಯಾಮಕ್ಕೆ ನನ್ನ ಹೊತ್ತುಗೊತ್ತು ಅವಳು ಒಪ್ಪಿಲ್ಲ, ಹೋಗುತ್ತಾ ಬರುತ್ತಾ ಮಾಡುತ್ತಾಳೆ, ಮೂರಲ್ಲ, ಆರೇಳು ಸಲ. ಡಾಕ್ಟರಮ್ಮ ತಡವಾಯಿತು ಎಂದು ಗದರಿದರು, ಆದರೂ ದಾರಿಗೆ ಬರುತ್ತಿದೆ ಎಂದರು. ಕಣ್ಣು ಈಗ ಮುಕ್ಕಾಲು ಪಾಲು ಮುಚ್ಚುತ್ತದೆ. ಪ, ಬ ಎರಡೂ ಸರಿಯಾಗಿ ಬರುತ್ತವೆ. ಹಣೆ ಇನ್ನೂ ಹಾಗೆಯೇ ಇದೆ. ಪೂರ್ತಿ ಮೊದಲಿನ ಹಾಗೆ ಆಗುತ್ತದೆ ಎಂದು ಯಾರೂ ಹೇಳಿಲ್ಲ, ಅವಳೂ ಕೇಳಿಲ್ಲ. ಶಟರ್ ಮೊದಲು ಅರ್ಧಕ್ಕೆ ಎದ್ದಿತು, ಯುಗಾದಿಯ ಹೊಲಿಗೆ ಬಂದಾಗ ಪೂರ್ತಿ ಎದ್ದಿತು.

ಚಿತ್ರ ಅಂಗಡಿಯಲ್ಲಿ ಕನ್ನಡಿಯ ಪಕ್ಕ ತೂಗುಹಾಕಿದೆ. ಬರುವ ಹೆಂಗಸರು ಮೊದಲು ಬೆಚ್ಚುತ್ತಾರೆ. ಯಾರು ಇದು ಎಂದು ಕೇಳಿದರೆ ನಾನೇ ಅನ್ನುತ್ತಾಳೆ. ಅಷ್ಟು ಹೇಳಿದ ಮೇಲೆ ಅವರಿಗೆ ಅವಳ ಮುಖದ ಕಡೆ ಕದ್ದು ನೋಡುವ ಅಗತ್ಯ ಬೀಳುವುದಿಲ್ಲ, ನೇರ ನೋಡುತ್ತಾರೆ.

ಟೀಚರ್ ಒಂದು ಪ್ರದರ್ಶನ ಮಾಡುತ್ತಿದ್ದಾರೆ, ಆ ಚಿತ್ರ ಬೇಕು ಎಂದರು. ಕೊಡಲಾಗುವುದಿಲ್ಲ, ಇನ್ನೂ ಮುಗಿದಿಲ್ಲ ಎಂದೆ. ಅದು ನೆಪವಲ್ಲ. ತಂಗಿ ಎರಡು ವಾರಕ್ಕೊಮ್ಮೆ ಕನ್ನಡಿಯ ಮುಂದೆ ಟೇಪು ಹಿಡಿಯುತ್ತಾಳೆ. ಬಾಯಿಯ ಮೂಲೆ ಒಂದು ನೂಲಿನಷ್ಟು ಏರಿದ್ದರೂ ನನ್ನನ್ನು ಕರೆಯುತ್ತಾಳೆ. ಕೆನ್ನೆಯ ಬಾಟಲ್ ಗ್ರೀನ್ ಮಾತ್ರ ಮುಟ್ಟಕೂಡದು ಎಂದು ಹೇಳಿಬಿಟ್ಟಿದ್ದಾಳೆ, ಆ ಬಣ್ಣ ಈಗ ಅವಳಿಗೆ ಇಷ್ಟ. ಇಲ್ಲಿಯವರೆಗೆ ನಾಲ್ಕು ಸಲ ತುಟಿಯ ಕೆಂಪನ್ನು ಮೇಲಕ್ಕೆ ಏರಿಸಿದ್ದೇನೆ. ಆ ಜಾಗದಲ್ಲಿ ಬಣ್ಣ ದಪ್ಪವಾಗಿ ಗಂಟು ಕಟ್ಟಿದೆ, ಬೆರಳಿಗೆ ಸಿಗುತ್ತದೆ.

ನಿನ್ನೆ ಮತ್ತೆ ಕರೆದಳು. ಬ್ರಷ್ ತೊಳೆದುಕೊಂಡು ಹೋದೆ.